ಕಾಫಿಗೆ ಒಂದು ಕಥೆ ಇರಲಿಲ್ಲ

ಮಾರ್ಚ್ ಬಂತೆಂದರೆ ನಮ್ಮ ಕಡೆ ಫೋನ್ ಎತ್ತಿದ ಕೂಡಲೇ ಕೇಳುವ ಮಾತು ಒಂದೇ. "ನಿಮ್ಮಲ್ಲಿ ಎಷ್ಟು ಸೆಂಟ್?" ಹೇಗಿದ್ದೀರಿ, ಊಟ ಆಯ್ತಾ ಎಲ್ಲ ಆಮೇಲೆ. 100 ಸೆಂಟ್ ಅಂದರೆ ಒಂದು ಇಂಚು ಮಳೆ, ಇದು ಕೊಡಗಿನ ಲೆಕ್ಕ. ಒಬ್ಬರಿಗೆ 60 ಸೆಂಟ್, ಇನ್ನೊಬ್ಬರಿಗೆ 110, ನಡುವೆ ಇರುವುದು ಒಂದು ಗುಡ್ಡ ಅಷ್ಟೇ. ಕಾಫಿ ಮೊಗ್ಗು ಅರಳಿಸುವ ಈ ಹೂಮಳೆ ಬಿದ್ದವರ ದನಿಯೇ ಬೇರೆ ಇರುತ್ತದೆ. ನಮ್ಮ ಅಪ್ಪ ಆ ದಿನಗಳಲ್ಲಿ ರಾತ್ರಿ ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಬರುತ್ತಾರೆ. ಮೋಡ ನೋಡಲಿಕ್ಕೆ ಅಂತ ಹೇಳುವುದಿಲ್ಲ, ನೀರು ಕುಡಿಯಲಿಕ್ಕೆ ಎದ್ದೆ ಅನ್ನುತ್ತಾರೆ.

ಎರಡು ವರ್ಷದ ಹಿಂದೆ ಹಾಗೇ ಒಂದು ರಾತ್ರಿ ಮಳೆ ಬಂತು. ಒಳ್ಳೆ ಮಳೆ. ಒಂಬತ್ತನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ತೋಟ ಪೂರ್ತಿ ಬಿಳಿ. ಮಲ್ಲಿಗೆಯ ಹಾಗಿನ ಆ ವಾಸನೆ ಅಡುಗೆಮನೆವರೆಗೂ ಬಂದು ಕೂತಿತ್ತು. ತಂಗಿಯ ಮಗಳು ಮೈಸೂರಿನಿಂದ ಬಂದಿದ್ದಳು, ಆರು ವರ್ಷದವಳು. ಮೆಟ್ಟಿಲ ಮೇಲೆ ನಿಂತು ಸುಮಾರು ಹೊತ್ತು ನೋಡಿ ಕೇಳಿದಳು. "ದೊಡ್ಡಮ್ಮ, ಎಲ್ಲಾ ಗಿಡಕ್ಕೂ ಇವತ್ತೇ ಅಂತ ಯಾರು ಹೇಳಿದ್ದು?"

ನಾನು ಟೀಚರ್ ಅಲ್ವಾ, ಉತ್ತರ ಬಾಯಿಗೆ ಬಂದುಬಿಟ್ಟಿತು. ಬೇಸಿಗೆಯಲ್ಲಿ ಮೊಗ್ಗು ನಿದ್ದೆ ಹೋಗಿರುತ್ತದೆ, ಮಳೆ ನೀರು ಬಿದ್ದರೆ ಏಳುತ್ತದೆ, ಒಂದೇ ದಿನ ನೀರು ಬಿದ್ದಿದ್ದಕ್ಕೆ ಒಂದೇ ದಿನ ಅರಳುತ್ತದೆ ಅಂದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅದಲ್ಲ. ಯಾರು ಹೇಳಿದ್ದು?" ಅಂದಳು.

ಆ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ. ನಮ್ಮೂರಲ್ಲಿ ಯಾವುದಕ್ಕೆ ಕಥೆ ಇಲ್ಲ ಹೇಳಿ. ಹೊಳೆಗೆ ಇದೆ, ಬೆಟ್ಟಕ್ಕೆ ಇದೆ. ಕೊಡವ ಹೆಂಗಸರ ಸೀರೆಯ ನಿರಿಗೆ ಹಿಂದಕ್ಕೆ ಯಾಕೆ ಹೋಯಿತು ಅನ್ನುವುದಕ್ಕೂ ಇದೆ. ಆದರೆ ಮದುವೆ, ಸಾಲ, ಮಕ್ಕಳ ಫೀಸು, ಮನೆಗೆ ಹಂಚು ಹಾಕಿಸುವುದು ಎಲ್ಲವೂ "ಕಾಫಿ ಮಾರಿದ ಮೇಲೆ" ಅನ್ನುವ ನಾಡಿನಲ್ಲಿ ಕಾಫಿಗೆ ಅಂತ ಒಂದು ಕಥೆ ನಾನು ಕೇಳಿಲ್ಲ. ಬಾಬಾಬುಡನ್ ಏಳು ಬೀಜ ತಂದರು ಅನ್ನುವುದು ಚಿಕ್ಕಮಗಳೂರಿನ ಕಥೆ. ಅದು ಬೀಜ ಬಂದದ್ದನ್ನು ಹೇಳುತ್ತದೆ, ಹೂವಿನ ವಿಷಯ ಹೇಳುವುದಿಲ್ಲ. ಹಾಗಾಗಿ ನಾನೇ ಒಂದು ಪುರಾಣ ಬರೆಯೋಣ ಅಂತ ಕೂತೆ. ಎಲ್ಲೂ ಇಲ್ಲದ್ದು, ಹೊಸದು. ಅದು ಹೊಳೆಯಲಿಕ್ಕೆ ಒಂದೂವರೆ ವರ್ಷ ಹಿಡಿಯಿತು.

ಮೊದಲು ಬರೆದದ್ದು

ಮೊದಲ ಸಲ ಬರೆದಾಗ ನಾನು ಆಕಾಶದಿಂದ ಶುರು ಮಾಡಿದೆ. ಒಬ್ಬಳು ದೇವಿ, ಅವಳಿಗೆ ಒಂದು ಶಾಪ, ಒಬ್ಬ ರಾಕ್ಷಸ. ರಾಕ್ಷಸನಿಗೆ ಎಲೆ ತುಕ್ಕು ರೋಗದ ಬಣ್ಣ ಕೊಟ್ಟೆ, ಕೇಸರಿ ಪುಡಿ ಮೈಯೆಲ್ಲ. ಯುದ್ಧ ಆಯಿತು, ದೇವಿಯ ಹಾರ ಹರಿದು ಬಿತ್ತು, ಮುತ್ತೆಲ್ಲ ಹೂವಾಯಿತು. 12 ಪುಟ ಬಂತು. ಭಾಷೆಯೂ ಚೆನ್ನಾಗಿ ಬಂದಿತ್ತು ಅಂತಲೇ ಅನ್ನಿಸಿತ್ತು. ಒಂದು ವಾರ ಬಿಟ್ಟು ಓದಿದೆ. ಕಾಫಿ ಅನ್ನುವ ಕಡೆ ಟೀ ಅಂತ ಹಾಕಿದರೂ ಕಥೆಗೆ ಏನೂ ಆಗುತ್ತಿರಲಿಲ್ಲ. ಮಲ್ಲಿಗೆ ಅಂತ ಹಾಕಿದರೂ ನಡೆಯುತ್ತಿತ್ತು. ಕೊಡಗಿನ ಬದಲು ಊಟಿ ಅಂದರೂ ಸರಿಯೇ. ಎತ್ತಿ ಬೇರೆ ಕಡೆ ಇಟ್ಟರೂ ಬದುಕುವ ಪುರಾಣ ಯಾವ ಊರಿನದೂ ಅಲ್ಲ ಅಂತ ಅವತ್ತು ಅನ್ನಿಸಿತು. ಆ ಹಾಳೆಗಳನ್ನು ಎಸೆಯಲಿಲ್ಲ, ಆದರೆ ಮತ್ತೆ ತೆಗೆಯಲೂ ಇಲ್ಲ.

ಜಿಗಣೆಯ ಸಾಲ

ಆ ವರ್ಷ ಜೂನ್‌ನಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಇದನ್ನೇ ಮನೆಗೆಲಸ ಕೊಟ್ಟೆ. ಇದುವರೆಗೆ ಯಾರೂ ಹೇಳದ ಒಂದು ಪುರಾಣ ಬರೆದುಕೊಂಡು ಬನ್ನಿ ಅಂದೆ. ನಿಜ ಹೇಳಬೇಕೆಂದರೆ ನನಗೇ ದಾರಿ ಬೇಕಿತ್ತು. ಮರುದಿನ ನೋಟ್‌ಬುಕ್ ಬಂದವು. ಬಹುಪಾಲು ಮಕ್ಕಳು ನನ್ನ ಹಾಗೇ ಬರೆದಿದ್ದರು. ವರ ಪಡೆದ ರಾಕ್ಷಸ, ಮಿಂಚು ಬರುವ ಆಯುಧ, ಎಲ್ಲೋ ಇರುವ ಒಂದು ಬಂಗಾರದ ಊರು. ಹೊರಗೆ ಹೆಂಚಿನ ಮೇಲೆ ಮಳೆ ಹೊಡೆಯುತ್ತಿತ್ತು, ನೋಟ್‌ಬುಕ್ಕಿನ ಒಳಗೆ ಒಂದು ಹನಿಯೂ ಇರಲಿಲ್ಲ.

ಕೊನೆಯ ಬೆಂಚಿನ ಒಬ್ಬ ಹುಡುಗ ಅರ್ಧ ಪುಟ ಬರೆದಿದ್ದ. ಅಪ್ಪ ಅಮ್ಮ ತೋಟದ ಕೆಲಸದವರು, ಲೈನ್‌ಮನೆಯಿಂದ ನಡೆದು ಬರುವವನು. ಅವನು ಬರೆದದ್ದು ನನಗೆ ಹೆಚ್ಚುಕಮ್ಮಿ ಬಾಯಿಪಾಠವಾಗಿದೆ. ಜಿಗಣೆ ಮೊದಲು ಎಲ್ಲರ ಹಾಗೆ ಗಂಜಿ ಕುಡಿಯುತ್ತಿತ್ತು. ಒಂದು ದಿನ ಮನೆಯಲ್ಲಿ ಉಪ್ಪು ಮುಗಿಯಿತು. ಮಣ್ಣಿನ ಹತ್ತಿರ ಹೋಗಿ ಒಂದು ಹಿಡಿ ಉಪ್ಪು ಸಾಲ ತಂತು. ದಾರಿಯಲ್ಲಿ ಮಳೆ ಬಂದು ಉಪ್ಪೆಲ್ಲ ಕರಗಿ ಹೋಯಿತು. ಮಣ್ಣು ಸಾಲ ಕೇಳಲಿಕ್ಕೆ ಬಂತು. ಕೊಡಲಿಕ್ಕೆ ಏನೂ ಇಲ್ಲ. ಅದಕ್ಕೇ ಜಿಗಣೆ ಮಳೆಗಾಲದಲ್ಲಿ ನಮ್ಮ ಕಾಲಿನಿಂದ ಸ್ವಲ್ಪ ಸ್ವಲ್ಪ ಉಪ್ಪು ತೆಗೆದುಕೊಂಡು ಹೋಗಿ ಮಣ್ಣಿಗೆ ಕೊಡುತ್ತದೆ. ನಾವು ಉಪ್ಪು ಹಾಕಿದರೆ ಅದಕ್ಕೆ ಸಾಲ ನೆನಪಾಗುತ್ತದೆ, ನಾಚಿಕೆಯಿಂದ ಸುರುಟಿಕೊಂಡು ಬೀಳುತ್ತದೆ.

ಇದನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದೆ. ಯಾರೂ ಮಾತಾಡಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲನೆ ಬಗ್ಗಿ ತನ್ನ ಕಾಲು ನೋಡಿಕೊಂಡಳು. ಬೆಳಿಗ್ಗೆ ಬರುವಾಗ ಜಿಗಣೆ ಹಿಡಿದಿತ್ತು, ಬಿಳಿ ಸಾಕ್ಸಿನ ಮೇಲೆ ರಕ್ತ ಇನ್ನೂ ಒಸರುತ್ತಿತ್ತು. ಜಿಗಣೆ ಕಚ್ಚಿದರೆ ಬೇಗ ನಿಲ್ಲುವುದಿಲ್ಲವಲ್ಲ. ದಿನಾ ನೋಡುವ ಆ ಕೆಂಪು ಚುಕ್ಕೆಯನ್ನು ಅವಳು ಅವತ್ತು ಬೇರೆ ಥರ ನೋಡಿದಳು. ನಾನೂ ನೋಡಿದೆ.

ಆಮೇಲೆ ಅವನನ್ನು ಕರೆದು, "ಹೇಗೆ ಹೊಳೀತು ಮಗ ಇದು?" ಅಂದೆ.

"ರಕ್ತ ಉಪ್ಪುಪ್ಪು ಇರ್ತದೆ ಅಲ್ವಾ ಟೀಚರ್. ಜಿಗಣೆಗೆ ಉಪ್ಪು ಹಾಕಿದ್ರೆ ಬೀಳ್ತದೆ. ಎರಡಕ್ಕೂ ಏನೋ ಇದೆ ಅಂತ ಅನ್ನಿಸ್ತು."

ಅಷ್ಟೇ. ಅವನ ಹತ್ತಿರ ಎರಡು ಸತ್ಯ ಇದ್ದವು, ಎರಡೂ ಅವನ ಕಾಲಿಗೆ ತಾಗಿದ್ದವು. ಗಾಯ ನೆಕ್ಕಿ ನೋಡಿದ ಮಕ್ಕಳಿಗೆಲ್ಲ ರಕ್ತದ ರುಚಿ ಗೊತ್ತು. ಮಳೆಗಾಲದಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡು ತೋಟಕ್ಕೆ ಇಳಿಯುವವರಿಗೆಲ್ಲ ಎರಡನೆಯದು ಗೊತ್ತು. ಈ ಎರಡನ್ನೂ ಅವನು ಸಾಲ ಅನ್ನುವ ದಾರದಿಂದ ಕಟ್ಟಿದ. ಸಾಲ ಅಂದರೆ ಏನು, ಕೇಳಲಿಕ್ಕೆ ಬಂದವರ ಎದುರು ನಿಲ್ಲುವುದು ಹೇಗಿರುತ್ತದೆ ಅಂತ ಆ ಮನೆಯ ಮಗುವಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ದೇವರನ್ನು ಕರೆಯಲೇ ಇಲ್ಲ ನೋಡಿ. ಮಣ್ಣು ಇತ್ತು, ಮಳೆ ಇತ್ತು, ಒಂದು ಸಣ್ಣ ಹುಳ ಇತ್ತು, ಸಾಕಾಯಿತು.

ಗುರುತು ಬೇಕು

ಅಲ್ಲಿಂದ ನಾನು ಗೊತ್ತಿರುವ ಕಥೆಗಳನ್ನೇ ತಿರುಗಿಸಿ ನೋಡತೊಡಗಿದೆ. ಕಾವೇರಿಯದನ್ನೇ ತೆಗೆದುಕೊಳ್ಳಿ. ಒಬ್ಬಳನ್ನೇ ಬಿಟ್ಟು ಹೋಗಬಾರದು ಅಂತ ಅಗಸ್ತ್ಯರಿಗೆ ಅವಳ ಷರತ್ತು. ಒಂದು ದಿನ ಬಿಟ್ಟು ಹೋದರು, ಅವಳು ಹರಿದು ಹೊರಟಳು. ಬಲಮುರಿಯಲ್ಲಿ ಜನ ತಡೆಯಲಿಕ್ಕೆ ನಿಂತರು, ಹೆಂಗಸರೂ ನಿಂತರು, ನೀರಿನ ರಭಸಕ್ಕೆ ನಿರಿಗೆ ಹಿಂದಕ್ಕೆ ಹೋಯಿತು. ಇವತ್ತಿಗೂ ಹಾಗೇ ಉಡುತ್ತಾರೆ. ಕಥೆ ಕೇಳದೇ ಇದ್ದವರೂ ಹಾಗೇ ಉಡುತ್ತಾರೆ. ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಹೊಳೆಯ ಮಹಿಮೆಗಿಂತ ಆ ನಿರಿಗೆಯೇ. ತಡೆಯಲಿಕ್ಕೆ ಹೋದವರು ಸೋತರು, ಸೋತ ಗುರುತನ್ನು ಮೈಮೇಲೆ ಇಟ್ಟುಕೊಂಡರು, ಅದೇ ಅಂದವಾಯಿತು. ಪ್ರತಿ ವರ್ಷ ತುಲಾ ಸಂಕ್ರಮಣಕ್ಕೆ ತಲಕಾವೇರಿಯ ಕುಂಡಿಕೆಯ ಸುತ್ತ ಅಷ್ಟು ಜನ ಸೇರುವುದು ಕೂಡ ಅವಳು ಮತ್ತೆ ಬರುವ ಗಳಿಗೆಗೆ ಅಲ್ವಾ.

ದೇವರಪುರದ ಕುಂಡೆ ಹಬ್ಬ ಇನ್ನೊಂದು. ಮೇ ತಿಂಗಳಲ್ಲಿ ಕಾಡಿನ ಜನ ವೇಷ ಹಾಕಿ, ಡಬ್ಬ ಬಡಿದುಕೊಂಡು, ಎದುರಿಗೆ ಸಿಕ್ಕವರನ್ನೆಲ್ಲ ಬೈಯುತ್ತ ಬರುತ್ತಾರೆ. ದೇವರನ್ನೂ ಬೈಯುತ್ತಾರೆ. ತಮ್ಮ ಜೊತೆಗಿದ್ದ ಅಯ್ಯಪ್ಪ ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ಕೈಬಿಟ್ಟ ಅನ್ನುವುದು ಅವರ ಸಿಟ್ಟು. ಬೈದು ಮುಗಿದ ಮೇಲೆ ಗುಡಿಗೆ ಹೋಗಿ ತಪ್ಪಾಯಿತು ಅನ್ನುತ್ತಾರೆ. ಚಿಕ್ಕವಳಿದ್ದಾಗ ಗೋಣಿಕೊಪ್ಪದ ರಸ್ತೆಯಲ್ಲಿ ಇವರನ್ನು ಕಂಡು ಹೆದರಿ ಅಮ್ಮನ ಸೆರಗು ಹಿಡಿದಿದ್ದೆ. ಈಗ ಯೋಚಿಸಿದರೆ, ಕೈಬಿಟ್ಟವನ ಮೇಲೆ ವರ್ಷಕ್ಕೊಂದು ದಿನ ಸಿಟ್ಟು ಮಾಡುವ ಹಕ್ಕನ್ನು ಒಂದು ಕಥೆ ಇಷ್ಟು ಕಾಲ ಕಾಪಾಡಿಕೊಂಡು ಬಂದಿದೆಯಲ್ಲ ಅಂತ ಮೈ ಜುಂ ಅನ್ನುತ್ತದೆ.

ಹೀಗೆ ನೋಡುತ್ತ ಹೋದ ಹಾಗೆ ನನಗೊಂದು ಅಳತೆ ಸಿಕ್ಕಿತು. ಕಥೆ ಮುಗಿದ ಮೇಲೂ ಉಳಿಯುವ ಒಂದು ಗುರುತು ಎಲ್ಲಿದೆ? ಮೈಮೇಲೋ, ಗಿಡದ ಮೇಲೋ, ಜನ ಮಾಡುವ ಕೆಲಸದಲ್ಲೋ. ಮೊದಲು ಆ ಗುರುತು ಸಿಗಬೇಕು. ಅಲ್ಲಿಂದ ಹಿಂದಕ್ಕೆ ನಡೆದರೆ ಕಥೆ ಸಿಕ್ಕೀತು. ನಾನು ದೇವಿಯಿಂದ ಶುರು ಮಾಡಿ ಗಿಡಕ್ಕೆ ಬರಲಿಕ್ಕೆ ಹೋಗಿದ್ದೆ. ಆ ಹುಡುಗ ತನ್ನ ಕಾಲಿನಿಂದ ಶುರು ಮಾಡಿದ್ದ.

ಇಂಥ ಗುರುತು ಹುಡುಕುತ್ತ ಒಂದಷ್ಟು ಕಡೆ ಅಲೆದೆ. ಆಗಸ್ಟ್ 3ಕ್ಕೆ ಆಟಿ ಸೊಪ್ಪಿನ ಪಾಯಸ ಮಾಡುತ್ತೇವಲ್ಲ, ಅವತ್ತು ಅದರಲ್ಲಿ 18 ಬಗೆ ಮದ್ದು ಸೇರಿರುತ್ತದೆ ಅನ್ನುತ್ತಾರೆ. ಕುದಿಸಿದರೆ ನೇರಳೆ ಬಣ್ಣ ಬಿಡುತ್ತದೆ. ಆ ಮದ್ದುಗಳು ಆ ಒಂದು ಗಿಡಕ್ಕೆ ಎಲ್ಲಿಂದ ನಡೆದು ಬಂದವು ಅಂತ ಕೇಳಿದರೆ ಅದೇ ಒಂದು ಕಥೆಯಾದೀತು. ಅಯ್ಯಪ್ಪನ ದೇವರಕಾಡಿನಲ್ಲಿ ಹರಕೆಗೆ ಸಾಲಾಗಿ ಇಟ್ಟ ಮಣ್ಣಿನ ನಾಯಿಗಳು ಮಳೆಯಲ್ಲಿ ನೆನೆಯುತ್ತ ನಿಂತಿರುವುದನ್ನು ನೋಡಿದಾಗಲೂ ಹಾಗೇ ಅನ್ನಿಸಿತು. ಅವು ರಾತ್ರಿ ಎಲ್ಲಿಗೆ ಹೋಗುತ್ತವೆ? ಬರೆಯುವವರಿಗೆ ಬೇಕಾದಷ್ಟಿದೆ ಇಲ್ಲಿ.

ಕೆಲವನ್ನು ನಾನೇ ಬಿಟ್ಟೆ. ಇಗ್ಗುತಪ್ಪನ ಕಥೆಗೆ ಬಾಲ ಸೇರಿಸುವುದು ಬೇಡ ಅನ್ನಿಸಿತು. ಕಕ್ಕಬ್ಬೆಗೆ ಹೋಗಿ ಮಳೆ ಬೆಳೆಗಾಗಿ ಕೈ ಮುಗಿಯುವವರು ನಮ್ಮ ನಡುವೆಯೇ ಇದ್ದಾರೆ. ಅವರ ದೇವರ ಬಾಯಲ್ಲಿ ನಾನು ಮಾತು ಇಡುವುದು ಸರಿಯಲ್ಲ. 2018ರ ಆಗಸ್ಟ್ ಕೂಡ ಬಿಟ್ಟೆ. ಗುಡ್ಡ ಯಾಕೆ ಜಾರಿತು ಅನ್ನುವುದಕ್ಕೆ ಒಂದು ಪುರಾಣ ಹೊಳೆದಿತ್ತು, ಚೆನ್ನಾಗಿಯೂ ಇತ್ತು. ಆದರೆ ಮನೆ ಕಳಕೊಂಡವರ ಮಕ್ಕಳು ನನ್ನ ಕ್ಲಾಸಿನಲ್ಲಿ ಕೂತಿದ್ದಾರೆ. ಜೋರು ಮಳೆ ಬಂದರೆ ಕಿಟಕಿ ಕಡೆ ತಿರುಗುವ ಆ ಮುಖಗಳನ್ನು ದಿನಾ ನೋಡುತ್ತೇನೆ. ಆ ಕಥೆ ಹೇಳುವುದಿದ್ದರೆ ಅವರು ಹೇಳಬೇಕು, ಅವರಿಗೆ ಬೇಕೆನಿಸಿದಾಗ.

ಒಂದು ಹಣ್ಣು, ಎರಡು ಬೀಜ

ಕಾಫಿಯ ಗುರುತು ಸಿಕ್ಕಿದ್ದು ಹೂವಿನ ಕಾಲದಲ್ಲಿ ಅಲ್ಲ, ಕುಯ್ಲಿನ ಕಾಲದಲ್ಲಿ. ಜನವರಿ. ಕಣದಲ್ಲಿ ಹಣ್ಣು ಹರಡಿದ್ದರು. ನಾನು ರಜೆಯಲ್ಲಿ ಸುಮ್ನೆ ಕೂತು ಒಂದು ಕೆಂಪು ಹಣ್ಣನ್ನು ಬೆರಳಲ್ಲಿ ಹಿಡಿದು ಒತ್ತಿದೆ. ಸಿಪ್ಪೆ ಬಿರಿದು ಎರಡು ಬೀಜ ಜಾರಿ ಅಂಗೈಗೆ ಬಿದ್ದವು. ಲೋಳೆ ಲೋಳೆ. ನಾಲಿಗೆಗೆ ತಾಗಿಸಿದರೆ ಸಣ್ಣ ಸಿಹಿ. ಎರಡಕ್ಕೂ ಹೊರಗಿನ ಬೆನ್ನು ಗುಂಡಗೆ, ಒಳಗಿನ ಮುಖ ಚಪ್ಪಟೆ, ಮುಖದ ನಡುವೆ ಒಂದು ಗೆರೆ. ಮತ್ತೆ ಜೋಡಿಸಿದೆ. ಚಪ್ಪಟೆ ಮುಖಗಳು ಒಂದಕ್ಕೊಂದು ಸರಿಯಾಗಿ ಕೂತವು. ಹುಟ್ಟಿದಾಗಿನಿಂದ ನೋಡಿದ ಕಾಫಿ ಬೀಜ ಇದು. ಆದರೂ ಆ ಹೊತ್ತಿಗೆ ನನಗೆ ಕಂಡದ್ದು ಬೇರೆ. ಇಬ್ಬರು ಹೆದರಿದ ಹುಡುಗಿಯರು, ಒಂದೇ ಹೊದಿಕೆಯೊಳಗೆ, ಮುಖಕ್ಕೆ ಮುಖ ಇಟ್ಟುಕೊಂಡು ಮಲಗಿದ್ದಾರೆ.

ಪಕ್ಕದಲ್ಲಿ ಕಾಫಿ ಕೈಯಾಡಿಸುತ್ತಿದ್ದ ಅಪ್ಪನನ್ನು, "ಅಪ್ಪ, ಪೀಬೆರಿ ಹಣ್ಣಲ್ಲಿ ಬೀಜ ಒಂಟಿಯಾಗಿ ಯಾಕೆ ಇರ್ತದೆ?" ಅಂದೆ.

"ಒಂದು ಬೀಜ ಕಟ್ಟಲಿಲ್ಲ ಅಂದ್ರೆ ಇನ್ನೊಂದು ಆ ಜಾಗಾನೂ ತಗೊಂಡು ಉರುಟಾಗ್ತದೆ. ಯಾಕೆ?"

"ಸುಮ್ನೆ."

ಅವತ್ತು ರಾತ್ರಿ ಬರೆಯಲು ಕೂತೆ. ಗೊತ್ತಿದ್ದದ್ದನ್ನೆಲ್ಲ ಒಂದು ಹಾಳೆಯಲ್ಲಿ ಇಟ್ಟೆ. ಕಾಫಿ ಹೊರಗಿನಿಂದ ಬಂದ ಗಿಡ. ಅರೇಬಿಕಾ ಮೊದಲು ಬಂತು, ಎತ್ತರದ ತಂಪು ಜಾಗ ಅದಕ್ಕೆ ಇಷ್ಟ, ತುಕ್ಕು ರೋಗ ಮತ್ತು ಕಾಂಡಕೊರಕ ಅದನ್ನು ಹುಡುಕಿಕೊಂಡು ಬರುತ್ತವೆ. ರೋಬಸ್ಟಾ ಆಮೇಲೆ ಬಂತು, ಗಟ್ಟಿ ಗಿಡ, ತಗ್ಗಿನಲ್ಲೂ ಬದುಕುತ್ತದೆ. ಅರೇಬಿಕಾ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೋಬಸ್ಟಾಗೆ ಅದು ಆಗುವುದಿಲ್ಲ, ಬೇರೆ ಗಿಡದ ಪರಾಗವೇ ಬೇಕು. ಗಾಳಿ ತರಬೇಕು, ಜೇನು ತರಬೇಕು. ಅಂದರೆ ಒಂಟಿಯಾಗಿ ಅರಳಿದರೆ ಅದರ ಹೂವು ವ್ಯರ್ಥ. ಈ ಕೊನೆಯ ಮಾತು ಬರೆದು ಪೆನ್ ಕೆಳಗಿಟ್ಟೆ. ಮಗು ಕೇಳಿದ್ದಕ್ಕೆ ಉತ್ತರ ಇಲ್ಲೇ ಎಲ್ಲೋ ಇತ್ತು.

ಕಥೆ ಹೀಗೆ ಬಂತು. ಕಡಲಾಚೆಯಿಂದ ಅಕ್ಕ ತಂಗಿ ಹೊರಟರು. ದಾರಿ ದೂರ, ಕತ್ತಲು, ಹೆದರಿಕೆ. ಒಂದೇ ಸಿಪ್ಪೆಯೊಳಗೆ ಮುಖಕ್ಕೆ ಮುಖ ಕೊಟ್ಟು ಮಲಗಿ ಬಂದರು. ಘಟ್ಟ ಹತ್ತಿ ಕಾಡಿನ ಬಾಗಿಲಲ್ಲಿ ನಿಂತು ಜಾಗ ಕೇಳಿದರು. ಬೀಟೆ, ಹೊನ್ನೆ, ನಂದಿ, ಮತ್ತಿ, ಅತ್ತಿ, ಹಲಸು ಎಲ್ಲ ಹಿರಿಯರು ಕೂತು ಮಾತಾಡಿದರು. ಬಿಸಿಲು ನಮ್ಮದು, ನೆರಳು ಬೇಕಾದರೆ ಕೊಡುತ್ತೇವೆ ಅಂದರು. ಆದರೆ ಒಂದು ಮಾತು. ಈ ಕಾಡಲ್ಲಿ ಒಬ್ಬರೇ ಬದುಕಿದವರು ಯಾರೂ ಇಲ್ಲ. ನೆರೆಯವಳು ಅರಳದೆ ನಿನಗೆ ಕಾಯಿ ಇಲ್ಲ, ಒಪ್ಪಿಗೆಯಾ? ಅಕ್ಕನಿಗೆ ಅಷ್ಟು ಹೊತ್ತು ಕಾಯುವುದು ಕಷ್ಟವಾಯಿತು, ನನ್ನ ಪಾಡು ನಾನು ನೋಡಿಕೊಳ್ಳುತ್ತೇನೆ ಅಂತ ಬೆಟ್ಟ ಹತ್ತಿ ಹೋದಳು. ಕಾಯಿ ಅವಳಿಗೆ ಒಂಟಿಯಾಗಿಯೇ ಆಯಿತು. ಕಾಯಿಲೆ ಬಂದಾಗಲೂ ಒಂಟಿಯೇ ಆದಳು. ತಂಗಿ ಒಪ್ಪಿಕೊಂಡು ನೆರಳಲ್ಲಿ ಉಳಿದಳು. ಆದರೆ ನೆರೆಯವಳು ಯಾವತ್ತು ಅರಳುತ್ತಾಳೆ ಅಂತ ಗೊತ್ತಾಗುವುದು ಹೇಗೆ ಅಂತ ಕೇಳಿದಳು. ಮಳೆ ಹೇಳಿದ್ದು ಆಗ. ನಾನು ಎಲ್ಲರನ್ನೂ ಒಂದೇ ಸಲ ಕರೆಯುತ್ತೇನೆ, ಎದ್ದು ಮೈ ತೊಳೆದು ಸಿಂಗಾರ ಮಾಡಿಕೊಳ್ಳಲಿಕ್ಕೆ ಒಂಬತ್ತು ದಿನ ಕೊಡುತ್ತೇನೆ. ಜೇನು, ಮನೆ ಮನೆಗೆ ಸುದ್ದಿ ನಾನು ಮುಟ್ಟಿಸುತ್ತೇನೆ ಅಂತು. ಕಾಯಿ ಕಟ್ಟಿದಾಗಲೆಲ್ಲ ಅಕ್ಕನ ನೆನಪಿಗೆ ಎರಡು ಬೀಜ, ಮುಖಕ್ಕೆ ಮುಖ. ಮೇಲೆ ಬೆಟ್ಟದಲ್ಲಿ ಅಕ್ಕನೂ ಹಾಗೇ ಇಡುತ್ತಾಳೆ. ಅಲ್ಲೊಂದು ಇಲ್ಲೊಂದು ಒಂಟಿ ಬೀಜ ಸಿಕ್ಕಿದರೆ, ಅದು ಇಬ್ಬರು ಬೇರೆಯಾದ ದಿನದ್ದು.

ತಂಗಿಯ ಮಗಳಿಗೆ ಫೋನಿನಲ್ಲಿ ಹೇಳಿದೆ. ಮಳೆ ಹೇಳಿದ್ದು ಅಂತ ಬಂದ ಕಡೆ "ಹಾಂ" ಅಂದಳು, ಯಾರೋ ತಾನು ಮೊದಲೇ ಹೇಳಿದ್ದನ್ನು ಒಪ್ಪಿಕೊಂಡ ಹಾಗೆ.

ಸ್ಪ್ರಿಂಕ್ಲರ್

ಅಪ್ಪನಿಗೆ ಹೇಳಲು ಹೆದರಿಕೆ ಇತ್ತು. ಕಾರಣ ಇದೆ. ಈಗ ಕೆರೆ ಇದ್ದವರೆಲ್ಲ ಮಳೆಗೆ ಕಾಯುವುದಿಲ್ಲ. ಫೆಬ್ರವರಿಯಲ್ಲೇ ಇಂಜಿನ್ ಇಟ್ಟು ಸ್ಪ್ರಿಂಕ್ಲರ್ ಹಾರಿಸುತ್ತಾರೆ. ಒಂದು ತೋಟ ಬಿಳಿ, ಬೇಲಿಯಾಚೆಯದು ಹಸಿರು. ನಾವೂ ಹಾಕುತ್ತೇವೆ. ಮಳೆ ಕೈಕೊಟ್ಟ ಒಂದು ವರ್ಷ ಅದೇ ನಮ್ಮನ್ನು ಉಳಿಸಿತ್ತು, ಇಲ್ಲದಿದ್ದರೆ ಬ್ಯಾಂಕಿನ ಕಂತು ಕಟ್ಟುವುದು ಕಷ್ಟವಿತ್ತು. ನನ್ನ ಕಥೆಯಲ್ಲಿ ಮಳೆಯ ದನಿ ಅಣಕಿಸಿ ಕರೆದವರನ್ನು ಕೆಟ್ಟವರನ್ನಾಗಿ ಮಾಡುವುದು ಸುಲಭವಿತ್ತು. ಒಂದು ಶಾಪ ಹಾಕಿದರೆ ಮುಗಿಯುತ್ತಿತ್ತು. ಆದರೆ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಪೈಪ್ ಬದಲಿಸಲು ಹೋಗುವ ಮನುಷ್ಯನನ್ನು ನಾನು ನೋಡಿದ್ದೇನೆ. ಒದ್ದೆಯಾಗಿ, ಚಳಿಗೆ ನಡುಗಿಕೊಂಡು ವಾಪಸ್ಸು ಬರುತ್ತಾರೆ. ಅವರಿಗೆ ಶಾಪ ಕೊಡುವ ಪುರಾಣ ನನ್ನ ಕೈಯಲ್ಲಿ ಬರೆಯಲು ಆಗುವುದಿಲ್ಲ. ಹಾಗಾಗಿ ಆ ಭಾಗವನ್ನು ಖಾಲಿ ಬಿಟ್ಟಿದ್ದೆ.

ಒಂದು ಸಂಜೆ ಹೇಳಿದೆ. ಅಪ್ಪ ಅಂಗಳದ ಬೆಂಚಿನಲ್ಲಿ ಕೂತು ಪೂರ್ತಿ ಕೇಳಿದರು. ಹೇಗಿದೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಹಾಗಾದ್ರೆ ಇಂಜಿನ್ ಹಾಕೋವಾಗ ಅವಳಿಗೆ ಒಂದು ಮಾತು ಹೇಳ್ಬೇಕಲ್ಲ" ಅಂದರು. ಎದ್ದು ಒಳಗೆ ಹೋದರು.

ಈ ಫೆಬ್ರವರಿಯಲ್ಲಿ ಪೈಪ್ ಜೋಡಿಸಿ ಮುಗಿದ ಮೇಲೆ ನಾನು ಟೀ ತೆಗೆದುಕೊಂಡು ಕೆರೆ ಹತ್ತಿರ ಹೋಗಿದ್ದೆ. ಅಪ್ಪ ಇನ್ನೂ ಇಂಜಿನ್ ಮುಟ್ಟಿರಲಿಲ್ಲ. ಚಪ್ಪಲಿ ಬಿಟ್ಟು, ಚೊಂಬಿನಲ್ಲಿ ಕೆರೆಯ ನೀರು ತುಂಬಿಕೊಂಡು, ಬದಿಯ ಮೊದಲ ಗಿಡದ ಹತ್ತಿರ ನಿಂತಿದ್ದರು. ಕೈಯಲ್ಲಿ ನೀರು ತೆಗೆದು ಎಲೆಗಳ ಮೇಲೆ ಚಿಮುಕಿಸಿದರು, ಉಳಿದದ್ದನ್ನು ಬುಡಕ್ಕೆ ಹೊಯ್ದರು. ತುಟಿ ಅಲ್ಲಾಡಿದ್ದು ಕಂಡಿತು, ಏನು ಹೇಳಿದರು ಅಂತ ಕೇಳಿಸಲಿಲ್ಲ. ನಾನು ಮತ್ತಿ ಮರದ ಹಿಂದೆಯೇ ನಿಂತೆ. ಟೀ ಆರುತ್ತಿತ್ತು. ಅವರು ಚೊಂಬು ಕೆಳಗಿಟ್ಟು, ಚಪ್ಪಲಿ ಹಾಕಿಕೊಂಡು, ಬಗ್ಗಿ ಇಂಜಿನ್ನಿನ ಹಿಡಿ ತಿರುಗಿಸಿದರು.